ಇಲಿಗೂ ಬೇಕು ಒಂದು ನಡುಮನೆ

'ಬೆಟ್ಟ ಅಗೆದು ಇಲಿ ಹಿಡಿದಂತೆ' ಎಂಬ ಗಾದೆ ನಮಗೆಲ್ಲ ಗೊತ್ತು. ಹಿಡಿದ ಇಲಿಯನ್ನು ಆಮೇಲೆ ಎಲ್ಲಿ ಇಡಬೇಕು ಅಂತ ಮಾತ್ರ ಗಾದೆ ಹೇಳುವುದಿಲ್ಲ. ಹಿಂದಿನವರಿಗೆ ಆ ಪ್ರಶ್ನೆಯೇ ಬರಲಿಲ್ಲ ಬಿಡಿ. ಈಗ ಬಂದಿದೆ. ರಜೆಯಲ್ಲಿ ಬೆಂಗಳೂರಿಗೆ ಬಂದ ಮಕ್ಕಳನ್ನು ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಕಡೆ ಒಂದು ಸುತ್ತು ಕರೆದುಕೊಂಡು ಹೋಗಿ ನೋಡಿ. 1927ರಲ್ಲಿ ಕಟ್ಟಿದ ಆ ಹಳೆಯ ಕಟ್ಟಡದ ಹಣ್ಣು, ಹೂವು, ತರಕಾರಿ ಯಾವುದೂ ಅವರಿಗೆ ಬೇಡ. ಸುತ್ತಿನ ಬೀದಿಗಳಲ್ಲಿ ಹಕ್ಕಿ, ಮೊಲ, ಬಿಳಿ ಇಲಿ ಮಾರುವ ಅಂಗಡಿಯ ಮುಂದೆ ಕಾಲು ನೆಟ್ಟು ನಿಂತುಬಿಡುತ್ತಾರೆ. "ಅಮ್ಮಾ, ಒಂದೇ ಒಂದು" ಎಂಬ ರಾಗ ಶುರುವಾಗುತ್ತದೆ.

ಗಿನಿ ಹಂದಿ, ಹ್ಯಾಮ್‌ಸ್ಟರ್, ಜರ್ಬಿಲ್ ಎಂಬ ಹೆಸರುಗಳು ಈಗ ಊರೂರಿನ ಮಕ್ಕಳ ಬಾಯಲ್ಲೂ ಇವೆ. ಇವುಗಳಲ್ಲಿ ಜರ್ಬಿಲ್ ಸ್ವಲ್ಪ ಅಪರೂಪದ್ದು. ನೋಡಲು ಬಲು ಮುದ್ದು. ಅದಕ್ಕೆ ಎಂಥ ಮನೆ ಬೇಕು ಎಂಬುದನ್ನು ತಿಳಿಯದೆ ತಂದು, ವಾರದೊಳಗೆ ಮಕ್ಕಳನ್ನು ಅಳಿಸುವವರೇ ಹೆಚ್ಚು. ಪ್ರಾಣಿ ತರುವ ಮುಂಚೆ ಮನೆ ಸಿದ್ಧವಾಗಿರಬೇಕು. ಸೊಸೆ ಬರುವ ಮುಂಚೆ ಕೋಣೆಗೆ ಸುಣ್ಣ ಹೊಡೆಸುವುದಿಲ್ಲವೇ, ಹಾಗೆ!

ಯಾವುದು ಈ ಜರ್ಬಿಲ್?

ಸಾಕುವ ಜರ್ಬಿಲ್‌ನ ತವರು ಮಂಗೋಲಿಯ ಮತ್ತು ಉತ್ತರ ಚೀನಾದ ಒಣ ಹುಲ್ಲುಗಾವಲು. ಅರ್ಮಾಂಡ್ ಡೇವಿಡ್ ಎಂಬ ಫ್ರೆಂಚ್ ಪಾದ್ರಿ 1866ರಲ್ಲಿ ಇದನ್ನು ಉತ್ತರ ಚೀನಾದಲ್ಲಿ ಕಂಡು ಪ್ಯಾರಿಸ್ಸಿನ ವಸ್ತುಸಂಗ್ರಹಾಲಯಕ್ಕೆ ಕಳಿಸಿದರು. 1935ರಲ್ಲಿ ಕೆಲವು ಜೋಡಿಗಳನ್ನು ಹಿಡಿದು ಜಪಾನಿನಲ್ಲಿ ಸಾಕಿದರು. ಅಲ್ಲಿಂದ 1954ರಲ್ಲಿ ಅಮೆರಿಕಕ್ಕೆ ಹೋದವು. ಮೊದಲು ಪ್ರಯೋಗಶಾಲೆ, ಆಮೇಲೆ ಮಕ್ಕಳ ಕೋಣೆ. ಇಂದು ಸಾಕುವವರ ಮನೆಯಲ್ಲಿರುವ ಜರ್ಬಿಲ್‌ಗಳು ಹೆಚ್ಚುಕಡಿಮೆ ಆ ಕೆಲವೇ ಜೋಡಿಗಳ ಸಂತಾನ.

ಮೈ ನಾಲ್ಕೈದು ಇಂಚು, ಬಾಲವೂ ಹೆಚ್ಚುಕಡಿಮೆ ಅಷ್ಟೇ ಉದ್ದ. ನಮ್ಮ ಅಡುಗೆಮನೆಯ ಇಲಿಯ ಬಾಲದಂತೆ ಬೋಳಲ್ಲ, ಮೇಲೆ ತುಪ್ಪಳವಿರುತ್ತದೆ, ತುದಿಯಲ್ಲಿ ಕುಚ್ಚು. ತೂಕ ಅರವತ್ತರಿಂದ ಎಂಬತ್ತು ಗ್ರಾಂ. ಹಿಂಗಾಲ ಮೇಲೆ ನಿಂತು ಕೈಮುಗಿದಂತೆ ನೋಡುತ್ತದೆ. ಹೆದರಿದರೆ ಹಿಂಗಾಲನ್ನು ನೆಲಕ್ಕೆ ದಬದಬ ಬಡಿದು ಜೊತೆಯವರಿಗೆ ಎಚ್ಚರಿಕೆ ಕೊಡುತ್ತದೆ. ಆಯಸ್ಸು ಮೂರು ನಾಲ್ಕು ವರ್ಷ. ಮಗು ಐದನೇ ಕ್ಲಾಸಿನಲ್ಲಿದ್ದಾಗ ತಂದರೆ ಎಂಟನೇ ಕ್ಲಾಸಿನವರೆಗೂ ಮನೆಯಲ್ಲೇ ಇರುತ್ತದೆ ಎಂಬುದು ನೆನಪಿರಲಿ.

"ಇಲಿ ಸಾಕೋದಾ? ರಾಮ ರಾಮಾ!"

ಮನೆಯ ಹಿರಿಯರು ಹೀಗೆ ಅಂದರೆ ಅವರ ಮೇಲೆ ರೇಗಬೇಡಿ. ಅವರ ಮಾತಿನ ಹಿಂದೆ ಈ ಊರಿನ ಒಂದು ದೊಡ್ಡ ಸಂಕಟವಿದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆ, ದಂಡು ಎರಡೂ ಕಡೆ ಜನ ಸತ್ತರು, ಊರು ಬಿಟ್ಟು ಓಡಿದರು. ಪ್ಲೇಗ್ ಮಾರಮ್ಮನ ಗುಡಿಗಳು ಎದ್ದದ್ದು ಆ ಭಯದಿಂದಲೇ. ಇಕ್ಕಟ್ಟಿನ ಮನೆಗಳಲ್ಲಿ ಇಲಿ ಸೇರಿಕೊಂಡರೆ ರೋಗ ಬಿಡುವುದಿಲ್ಲವೆಂದು ದಂಡಿನ ಕಡೆ ಹೊಸ ಬಡಾವಣೆಯನ್ನೇ ಕಟ್ಟಿದರು. ಅದೇ 1906ರಲ್ಲಿ ಆರಂಭವಾದ ಫ್ರೇಜರ್ ಟೌನ್, ಇಂದಿನ ಪುಲಕೇಶಿನಗರ. ಜೆ. ಎಚ್. ಸ್ಟೀಫನ್ಸ್ ಎಂಬವರು ಬೆಂಗಳೂರಿನಲ್ಲಿ ಪ್ಲೇಗು ತಡೆಯುವಂಥ ಊರು ಕಟ್ಟುವುದು ಹೇಗೆಂದು 1914ರಲ್ಲಿ ಒಂದು ಪುಸ್ತಕವನ್ನೇ ಹೊರತಂದರು. ಇಲಿ ತೂರದ ಹಾಗೆ ಮನೆ ಕಟ್ಟಿದ ಊರಿನಲ್ಲಿ ಕೂತು ನಾವೀಗ ಇಲಿಗೆ ಮನೆ ಹೇಗಿರಬೇಕೆಂದು ಮಾತಾಡುತ್ತಿದ್ದೇವೆ!

ಇದರಲ್ಲಿ ಇನ್ನೊಂದು ಮುಖ್ಯ ವಿಷಯವಿದೆ. ಜರ್ಬಿಲ್‌ಗೆ ನಮ್ಮ ನಾಡಿನಲ್ಲೂ ಒಬ್ಬ ದಾಯಾದಿ ಇದೆ. ಬಯಲುಸೀಮೆಯ ಹೊಲದ ಬದುಗಳಲ್ಲಿ ಬಿಲ ತೋಡಿಕೊಂಡು ರಾತ್ರಿ ಹೊತ್ತು ಓಡಾಡುವ ಭಾರತದ ಜರ್ಬಿಲ್. ಅದು ಮಂಗೋಲಿಯದ್ದಕ್ಕಿಂತ ದೊಡ್ಡದು, ದೊಡ್ಡ ಕಣ್ಣು, ನೀಳ ಬಾಲ. ನಮ್ಮ ದೇಶದ ಹೊಲಗಾಡಿನಲ್ಲಿ ಪ್ಲೇಗಿನ ರೋಗಾಣುವನ್ನು ಸದ್ದಿಲ್ಲದೆ ಉಳಿಸಿಕೊಂಡು ಬಂದ ಪ್ರಾಣಿಗಳಲ್ಲಿ ಇದೇ ಮುಖ್ಯವಾದದ್ದೆಂದು ವಿಜ್ಞಾನಿಗಳು ಹೇಳುತ್ತಾರೆ. ಹಲಸೂರು, ಇಂದಿರಾನಗರ, ಕೆ.ಆರ್. ಪುರ ದಾಟಿ ಹಳೆಯ ಮದ್ರಾಸು ರಸ್ತೆ ಹಿಡಿದು ಹೋದರೆ ಕೋಲಾರ, ಅದರಾಚೆ ಮುಳಬಾಗಿಲು ಸಿಗುತ್ತದೆ. 1966ರಲ್ಲಿ ಮನುಷ್ಯರಿಗೆ ಪ್ಲೇಗು ಬಂದದ್ದು ವರದಿಯಾದದ್ದು ಆ ಮುಳಬಾಗಿಲಿನಿಂದ. ಆಮೇಲೆ 1994ರಲ್ಲಿ ಸೂರತ್ತಿನ ಗಲಾಟೆಯವರೆಗೆ ದೇಶದಲ್ಲಿ ಅದರ ಸುದ್ದಿ ಇರಲಿಲ್ಲ. ಈಗ ಔಷಧವಿದೆ, ಗಾಬರಿ ಬೇಡ. ಆದರೂ ಬೆಂಗಳೂರಿನಲ್ಲಿರುವ ಕೇಂದ್ರ ಸರ್ಕಾರದ ಪ್ಲೇಗ್ ಕಣ್ಗಾವಲು ಘಟಕ ಕೋಲಾರ, ಹೊಸೂರು ಕಡೆಯ ಹೊಲಗಳ ಇಲಿಗಳನ್ನು ದಶಕಗಳಿಂದ ಪರೀಕ್ಷಿಸುತ್ತಾ ಬಂದಿದೆ.

ಆದ್ದರಿಂದ ಸೋದರಿಯರೇ, ಇದೊಂದು ಮಾತು ಕಟ್ಟುನಿಟ್ಟು. ಮಕ್ಕಳು ಹೊಲದಿಂದಲೋ ಖಾಲಿ ಸೈಟಿನಿಂದಲೋ ಮುದ್ದಾದ ಇಲಿಮರಿ ಹಿಡಿದು ತಂದರೆ ಸಾಕಲು ಬಿಡಬೇಡಿ. ಕಾಡಿನದ್ದು ಕಾಡಿಗೆ, ಹೊಲದ್ದು ಹೊಲಕ್ಕೆ. ಸಾಕುವುದಾದರೆ ಸಾಕಿದ ಮನೆಯಲ್ಲೇ ಹುಟ್ಟಿ ಬೆಳೆದದ್ದನ್ನು ಮಾತ್ರ ತನ್ನಿ.

ತಂತಿಪಂಜರ ಏಕೆ ಬೇಡ?

ಪ್ರಾಣಿಯ ಜೊತೆ ಪೇಟೆಯಲ್ಲಿ ಸಾಮಾನ್ಯವಾಗಿ ಕೊಡುವುದು ಬಣ್ಣದ ತಂತಿಯ ಪುಟ್ಟ ಪಂಜರ. ಕೆಳಗೆ ಪ್ಲಾಸ್ಟಿಕ್ ತಟ್ಟೆ, ಒಳಗೊಂದು ತಿರುಗುವ ಚಕ್ರ. ನೋಡಲು ಚೆಂದ, ಜರ್ಬಿಲ್‌ಗೆ ಸೆರೆಮನೆ. ತಂತಿ ಕಡಿದು ಕಡಿದು ಅದರ ಮೂಗಿನ ಮೇಲಿನ ಕೂದಲು ಉದುರಿ ಹುಣ್ಣಾಗುತ್ತದೆ. ಪ್ಲಾಸ್ಟಿಕ್ಕನ್ನು ಒಂದೆರಡು ರಾತ್ರಿಯಲ್ಲಿ ಕತ್ತರಿಸಿ ಹೊರಬರುತ್ತದೆ. ಚಕ್ರದ ಸರಳುಗಳ ನಡುವೆ ಬಾಲ ಸಿಕ್ಕಿದರೆ ಬಾಲದ ಚರ್ಮವೇ ಕಳಚಿಬರುತ್ತದೆ. ಅದೇ ಕಾರಣಕ್ಕೆ ಜರ್ಬಿಲ್‌ನ ಬಾಲ ಹಿಡಿದು ಎತ್ತಲೇಬಾರದು, ಮಕ್ಕಳಿಗೆ ಮೊದಲು ಕಲಿಸಬೇಕಾದ ಪಾಠ ಇದು.

ಎಲ್ಲಕ್ಕಿಂತ ದೊಡ್ಡ ಕೊರತೆ ಬೇರೆಯೇ ಇದೆ. ಜರ್ಬಿಲ್ ನೆಲದ ಕೆಳಗೆ ಬಾಳುವ ಪ್ರಾಣಿ. ಇಕ್ಕಟ್ಟಿನಲ್ಲಿಟ್ಟ ಜರ್ಬಿಲ್ ಒಂದು ಮೂಲೆಯಲ್ಲಿ ನಿಂತು ಗಂಟೆಗಟ್ಟಲೆ ಗೋಡೆಯನ್ನು ಕೆರೆಯುತ್ತಲೇ ಇರುತ್ತದೆ. "ಆಟವಾಡ್ತಿದೆ ನೋಡು" ಅಂತ ನಾವು ನಗುತ್ತೇವೆ. ಅದು ಆಟವಲ್ಲ, ತಲೆಕೆಟ್ಟ ಲಕ್ಷಣ.

ಹಾಗಾದರೆ ಅಗೆಯಲು ಮರಳು ಹಾಕಿಬಿಟ್ಟರೆ ಸಾಕೇ? ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಕ್ರಿಸ್ಟಾಫ್ ವೀಡನ್‌ಮೇಯರ್ ಎಂಬ ವಿಜ್ಞಾನಿ ಇದನ್ನೇ ಪರೀಕ್ಷಿಸಿ 1997ರಲ್ಲಿ ಪ್ರಕಟಿಸಿದರು. ಕೆಲವು ಮರಿಗಳಿಗೆ ಅಗೆಯಲು ಒಣ ಮರಳು ಕೊಟ್ಟರು. ಕೆಲವಕ್ಕೆ ಅಗೆಯಲು ಏನೂ ಕೊಡದೆ, ಒಂದು ಸುರಂಗ ಮತ್ತು ಅದರ ಕೊನೆಗೆ ಒಂದು ಗೂಡು ಇರುವ ಕೃತಕ ಬಿಲ ಕೊಟ್ಟರು. ಮರಳು ಸಿಕ್ಕಿದ ಮರಿಗಳು ಆ ಕೆರೆಯುವ ಚಟ ಹಚ್ಚಿಕೊಂಡವು, ಬಿಲ ಸಿಕ್ಕಿದವು ಹಚ್ಚಿಕೊಳ್ಳಲಿಲ್ಲ. ಒಣ ಮರಳಿನಲ್ಲಿ ಎಷ್ಟು ಅಗೆದರೂ ಸುರಂಗ ನಿಲ್ಲುವುದಿಲ್ಲ, ಕುಸಿದುಬೀಳುತ್ತದೆ. ಜರ್ಬಿಲ್‌ಗೆ ಬೇಕಾದದ್ದು ಬರೀ ಅಗೆಯುವ ಕೆಲಸವಲ್ಲ, ಅಗೆದ ಕೊನೆಗೆ ಸಿಗುವ ಮನೆ.

ನಮ್ಮ ಹಳೆಯ ಮನೆಗಳನ್ನು ನೆನೆಸಿಕೊಳ್ಳಿ. ಬೀದಿಯಿಂದ ಜಗಲಿ, ಜಗಲಿಯಿಂದ ಓಣಿ, ಆಮೇಲೆ ನಡುಮನೆ. ಬಂದವರ ಕಣ್ಣಿಗೆ ಬೀಳದೆ ಬಾಣಂತಿ ಮಲಗುವ ಕತ್ತಲೆ ಕೋಣೆ. ಜರ್ಬಿಲ್ ಕೇಳುವುದೂ ಅದನ್ನೇ. ಒಂದು ದಾರಿ, ದಾರಿಯ ಕೊನೆಗೆ ಕತ್ತಲೆಯ ಒಂದು ಒಳಮನೆ. ಮನೆ ಆರಿಸುವಾಗ ಈ ಒಂದು ಮಾತು ನೆನಪಿಟ್ಟರೆ ಉಳಿದದ್ದೆಲ್ಲ ಸುಲಭ.

ಎರಡು ಜರ್ಬಿಲ್‌ಗಳ ಮನೆಗೆ ಬೇಕಾಗುವ ಸಾಮಗ್ರಿ

ಗಾಜಿನ ಮೀನಿನ ತೊಟ್ಟಿ – ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ (ನೀರು ಸೋರುವ ಹಳೆಯದಾದರೂ ಸರಿ, ಗಾಜು ಒಡೆದಿರಬಾರದು)
ಮರದ ಚೌಕಟ್ಟಿಗೆ ಕಾಲು ಇಂಚಿನ ಕಬ್ಬಿಣದ ಜಾಲರಿ ಹೊಡೆದ ಮುಚ್ಚಳ – 1
ಮಣ್ಣಿನ ಚಿಕ್ಕ ಮಡಕೆ – 1
ಎರಡೂವರೆ ಇಂಚು ಅಗಲ, ಎಂಟು ಹತ್ತು ಇಂಚು ಉದ್ದದ, ಮೊಣಕೈಯಂತೆ ಬಾಗಿದ ಮಣ್ಣಿನ ಕೊಳವೆ – 1
ಇಟ್ಟಿಗೆ – 3
ಮಣ್ಣಿನ ಅಗಲ ಬಟ್ಟಲು – 1
ತೊಳೆದು ಒಣಗಿಸಿದ ನುಣುಪು ಹೊಳೆಮರಳು – 2 ಪಾವು
ಒಣಹುಲ್ಲು, ಅಚ್ಚಿಲ್ಲದ ಕಾಗದದ ಚೂರು, ರಟ್ಟಿನ ತುಂಡು – ಅದುಮಿ ತುಂಬಿದ ಐದಾರು ಬಕೆಟ್
ನಳಿಕೆಯಿರುವ ನೀರಿನ ಬಾಟಲಿ – 1

ಮಡಕೆ, ಕೊಳವೆಗಳಿಗೆ ಪೇಟೆ ಅಲೆಯಬೇಕಿಲ್ಲ. ಬೆಂಗಳೂರಿನವರಿಗೆ ಬೆನ್ಸನ್ ಟೌನ್ ಪಕ್ಕದ ಪಾಟರಿ ಟೌನ್ ಇದೆ. ಹಣತೆ, ಗಣಪತಿ, ಮಡಕೆ ಮಾಡುವ ಕುಂಬಾರರ ಕೇರಿ ಅದು. ನಿಮ್ಮೂರಿನಲ್ಲೂ ಕುಂಬಾರರಿದ್ದರೆ ಅಳತೆ ಹೇಳಿ ಮಾಡಿಸಿಕೊಳ್ಳಿ. ಮೂಷಿಕವಾಹನನನ್ನು ಮಾಡುವ ಕೈಗಳಿಗೆ ಮೂಷಿಕನ ಮನೆ ಮಾಡುವುದೇನು ಕಷ್ಟ! ಬಣ್ಣ, ಮೆರುಗು ಹಚ್ಚಿಸಬೇಡಿ.

ಮಾಡುವ ವಿಧಾನ

ಮೊದಲು ತೊಟ್ಟಿಯನ್ನು ಬಿಸಿನೀರಿನಿಂದ ತೊಳೆದು ಬಿಸಿಲಿಗಿಟ್ಟು ಪೂರ್ತಿ ಒಣಗಿಸಿ. ಫಿನಾಯಿಲ್ ಹಾಕಬೇಡಿ.

ಮಡಕೆಯನ್ನು ತೊಟ್ಟಿಯ ತಳದಲ್ಲೇ ಅಡ್ಡ ಮಲಗಿಸಿ, ಅದರ ಬಾಯಿಗೆ ಕೊಳವೆ ಸೇರಿಸಿ, ಕೊಳವೆಯ ಇನ್ನೊಂದು ತುದಿ ಮೇಲ್ಮುಖವಾಗಿರಲಿ. ಸಂದಿಗೆ ರಟ್ಟು ತುರುಕಿ. ಇನ್ನೊಂದು ಮೂಲೆಯಲ್ಲಿ ಮೂರು ಇಟ್ಟಿಗೆಗಳನ್ನು ಒಂದರ ಮೇಲೊಂದು ಮಲಗಿಸಿ ಇಡಿ. ಭಾರದ ವಸ್ತುಗಳು ಯಾವಾಗಲೂ ತಳದ ಮೇಲೇ ಕೂರಬೇಕು. ಹುಲ್ಲಿನ ಮೇಲೆ ಇಟ್ಟರೆ ಜರ್ಬಿಲ್ ಕೆಳಗಿನಿಂದ ಅಗೆಯುತ್ತದೆ, ಭಾರ ಕುಸಿದು ಅದರ ಮೇಲೇ ಬೀಳುತ್ತದೆ.

ಈಗ ಹುಲ್ಲು, ಕಾಗದ, ರಟ್ಟನ್ನು ಪದರ ಪದರವಾಗಿ ಹಾಸಿ, ಪ್ರತಿ ಪದರವನ್ನೂ ಅಂಗೈಯಿಂದ ಒತ್ತಿ. ಹಪ್ಪಳದ ಹಿಟ್ಟಿನಷ್ಟು ಗಟ್ಟಿ ಬೇಡ, ಸುರಂಗ ನಿಲ್ಲುವಷ್ಟು ಬಿಗಿ ಸಾಕು. ಆಳ ಹತ್ತು ಇಂಚಾದರೂ ಇರಬೇಕು. ಕೊಳವೆಯ ಬಾಯಿ ಮುಚ್ಚಿಹೋಗದಂತೆ ನೋಡಿಕೊಳ್ಳಿ. ಇಟ್ಟಿಗೆಗಳ ಮೇಲೆ ಬಟ್ಟಲಿಟ್ಟು ಮರಳು ಹಾಕಿ. ಜರ್ಬಿಲ್‌ಗೆ ಅದೇ ಬಚ್ಚಲುಮನೆ. ನೀರಿನ ಸ್ನಾನ ಅದಕ್ಕೆ ಕೂಡದು, ಮರಳಿನಲ್ಲಿ ಹೊರಳಿ ತುಪ್ಪಳದ ಜಿಡ್ಡು ತೆಗೆದುಕೊಳ್ಳುತ್ತದೆ. ಈಗ ಮನೆ ಕಟ್ಟಲು ಬರುವ ಎಂ-ಸ್ಯಾಂಡ್ ಬೇಡ, ಅದು ಕಲ್ಲು ಪುಡಿಮಾಡಿದ್ದು, ಚೂಪು.

ನೀರನ್ನು ಬಟ್ಟಲಿನಲ್ಲಿಟ್ಟರೆ ಹುಲ್ಲು ಬಿದ್ದು ಎಲ್ಲ ಒದ್ದೆ. ಬಾಟಲಿಯನ್ನು ಜಾಲರಿಯಿಂದ ಇಳಿಬಿಡಿ. ದಿನವೂ ನಳಿಕೆಯನ್ನು ಬೆರಳಿನಿಂದ ಮುಟ್ಟಿ ನೀರು ಬರುತ್ತಿದೆಯೇ ನೋಡಿ.

ಹಾಸಿಗೆಯ ವಿಷಯದಲ್ಲಿ ಎರಡು ಎಚ್ಚರಿಕೆ. ಬಡಗಿಯ ಅಂಗಡಿಯ ಹೊಟ್ಟು ಪುಕ್ಕಟೆ ಸಿಗುತ್ತದೆಂದು ತರಬೇಡಿ. ಅದರಲ್ಲಿ ಪ್ಲೈವುಡ್ಡಿನ ಅಂಟು, ಪಾಲಿಶ್ ಎಲ್ಲ ಸೇರಿರುತ್ತದೆ. ನೀಲಗಿರಿ, ದೇವದಾರು, ಪೈನ್‌ನಂಥ ವಾಸನೆಯ ಮರದ ಹೊಟ್ಟು ಪುಟ್ಟ ಪ್ರಾಣಿಯ ಶ್ವಾಸಕೋಶಕ್ಕೆ ಕೆಟ್ಟದ್ದು. ಎರಡನೆಯದು, ಬೆಚ್ಚಗಿರಲೆಂದು ಹತ್ತಿ ಹಾಕಬೇಡಿ. ಎಳೆ ಕಾಲಿಗೆ ಸುತ್ತಿಕೊಂಡು ರಕ್ತ ನಿಲ್ಲುತ್ತದೆ, ತಿಂದರೆ ಕರುಳಿಗೆ ಸಿಕ್ಕಿಕೊಳ್ಳುತ್ತದೆ.

ಒಣನಾಡಿನ ಪ್ರಾಣಿಯಾದ್ದರಿಂದ ಜರ್ಬಿಲ್ ಮೂತ್ರ ಮಾಡುವುದು ಬಹಳ ಕಡಿಮೆ, ವಾಸನೆಯೂ ಕಡಿಮೆ. ವಾರಕ್ಕೊಮ್ಮೆ ಎಲ್ಲ ಕಿತ್ತು ತೊಳೆಯುವ ಮಡಿವಂತಿಕೆ ಇಲ್ಲಿ ಬೇಡ. ಒದ್ದೆಯಾದಷ್ಟನ್ನು ಆಗಾಗ ತೆಗೆಯಿರಿ. ತಿಂಗಳಿಗೊಮ್ಮೆ ಅರ್ಧದಷ್ಟು ಬದಲಾಯಿಸಿ, ಅರ್ಧ ಹಳೆಯದು ಹಾಗೇ ಇರಲಿ. ತನ್ನ ವಾಸನೆ ಇಲ್ಲದ ಮನೆ ಅದಕ್ಕೆ ಪರರ ಮನೆ.

ತೊಟ್ಟಿ ಎಲ್ಲಿಡಬೇಕು?

ಅಡುಗೆಮನೆಯಲ್ಲಿ ಬೇಡವೇ ಬೇಡ. ಮೆಣಸಿನಕಾಯಿ ಒಗ್ಗರಣೆಯ ಘಾಟು ನಮಗೇ ಕೆಮ್ಮು ಬರಿಸುತ್ತದೆ, ಎಪ್ಪತ್ತು ಗ್ರಾಂ ಜೀವದ ಗತಿ ಏನು? ದೇವರಮನೆಯ ಅಗರಬತ್ತಿ, ಸಾಂಬ್ರಾಣಿ ಹೊಗೆ, ಸೊಳ್ಳೆಬತ್ತಿಯ ಹೊಗೆ ಯಾವುದೂ ತಾಗಬಾರದು. ಕುಕ್ಕರಿನ ಸೀಟಿ, ಮಿಕ್ಸಿ, ಟೀವಿಯಿಂದಲೂ ದೂರವಿರಲಿ. ಜರ್ಬಿಲ್‌ಗಳಲ್ಲಿ ಕೆಲವಕ್ಕೆ ಬೆಚ್ಚಿಬಿದ್ದರೆ ಸೆಳವು ಬರುವುದುಂಟು. ದೀಪಾವಳಿಯ ಮೂರು ದಿನ ಒಳಗಿನ ಕೋಣೆಗೆ ಸಾಗಿಸುವುದು ಕ್ಷೇಮ.

ಕಿಟಕಿಯ ಬಿಸಿಲು ಗಾಜಿನ ಮೇಲೆ ನೇರ ಬೀಳಬಾರದು. ಗಾಜಿನೊಳಗೆ ಶಾಖ ಸೇರಿಕೊಂಡರೆ ಒಂದು ಮಧ್ಯಾಹ್ನ ಸಾಕು, ಪ್ರಾಣ ಹೋಗುತ್ತದೆ. ಏಪ್ರಿಲ್ ತಿಂಗಳಲ್ಲಿ ಬೆಂಗಳೂರೂ ಈಗ ಮೂವತ್ತೈದು ಡಿಗ್ರಿ ದಾಟುತ್ತದೆ. ರಾಯಚೂರು, ಬಳ್ಳಾರಿಯವರಿಗೆ ಹೇಳುವುದೇ ಬೇಡ. ಮಣ್ಣಿನ ಮಡಕೆ ಒಳಗೆ ತಂಪು ಕೊಡುತ್ತದೆ. ಸೆಖೆ ಹೆಚ್ಚಾದರೆ ನೀರು ಗಟ್ಟಿಗಟ್ಟಿಸಿದ ಬಾಟಲಿಗೆ ಬಟ್ಟೆ ಸುತ್ತಿ ಗಾಜಿನ ಹೊರಮೈಗೆ ಒರಗಿಸಿಡಿ. ಮಲೆನಾಡು, ಕರಾವಳಿಯ ಸೋದರಿಯರಿಗೆ ಇನ್ನೊಂದು ಮಾತು. ಜರ್ಬಿಲ್‌ಗೆ ಶೀತದ ತೇವ ಆಗದು, ತುಪ್ಪಳ ಎಣ್ಣೆ ಹಚ್ಚಿದಂತೆ ಅಂಟಂಟಾಗುತ್ತದೆ. ಮೂರು ತಿಂಗಳು ಬಟ್ಟೆಯೇ ಒಣಗದ ಊರಿನಲ್ಲಿ ಈ ಪ್ರಾಣಿಯ ಆಸೆ ಬಿಡುವುದೇ ಒಳ್ಳೆಯದು.

ಇರುವೆ ಬರುತ್ತದೆಯೇ? ನಮ್ಮ ತಾಯಂದಿರು ಜಾಲರಿ ಬೀರುವಿಗೆ ಮಾಡುತ್ತಿದ್ದ ಉಪಾಯವೇ ಸಾಕು. ಮೇಜಿನ ನಾಲ್ಕು ಕಾಲಿಗೂ ನೀರಿನ ಬಟ್ಟಲು ಇಡಿ, ಎರಡು ದಿನಕ್ಕೊಮ್ಮೆ ನೀರು ಬದಲಾಯಿಸಿ. ತುಂಬಿದ ತೊಟ್ಟಿ ಭಾರವಿರುತ್ತದೆ, ಮೇಜು ಗಟ್ಟಿಯಾಗಿರಲಿ.

ಒಂದೋ, ಎರಡೋ?

ಒಂಟಿ ಜರ್ಬಿಲ್ ಸೊರಗುತ್ತದೆ. ಕುಟುಂಬದಲ್ಲಿ ಬಾಳುವ ಪ್ರಾಣಿ ಅದು. ಹಾಗಂತ ಗಂಡು ಹೆಣ್ಣು ತಂದರೆ ಇಪ್ಪತ್ತೈದು ದಿನಗಳಿಗೊಮ್ಮೆ ನಾಲ್ಕೈದು ಮರಿ! ಹೆತ್ತ ದಿನವೇ ಮತ್ತೆ ಗರ್ಭ ಕಟ್ಟುವುದುಂಟು. ಒಂದೇ ತಾಯಿಯ ಎರಡು ಗಂಡು ಅಥವಾ ಎರಡು ಹೆಣ್ಣು ತನ್ನಿ. ಆಮೇಲೆ ಮೂರನೆಯದನ್ನು ಸೇರಿಸಬೇಡಿ, ಹೊಸಬರನ್ನು ಕಚ್ಚಿ ಕೊಂದುಬಿಡುತ್ತವೆ.

ಬೇರೆ ಪ್ರಾಣಿಗೆ ಇದೇ ಮನೆ ಹೊಂದುವುದಿಲ್ಲ ಎಂಬುದೂ ಗೊತ್ತಿರಲಿ. ಹ್ಯಾಮ್‌ಸ್ಟರ್‌ಗೂ ಆಳವಾದ ಹಾಸಿಗೆ ಬೇಕು. ಆದರೆ ಪೇಟೆಯಲ್ಲಿ ಹೆಚ್ಚಾಗಿ ಸಿಗುವ ದೊಡ್ಡ ಬಂಗಾರದ ಬಣ್ಣದ್ದು ಒಂಟಿಯಾಗಿಯೇ ಇರಬೇಕು, ಜೊತೆಗಿಟ್ಟರೆ ಜಗಳ. ಅದು ಓಡಾಡುವುದು ರಾತ್ರಿ, ಮಕ್ಕಳು ಮಲಗಿದ ಮೇಲೆ. ಗಿನಿ ಹಂದಿ ಬಿಲ ತೋಡುವುದಿಲ್ಲ. ಅದಕ್ಕೆ ಎತ್ತರ ಬೇಡ, ಓಡಾಡಲು ಅಗಲವಾದ ನೆಲ ಬೇಕು, ಜೊತೆಗಾರ ಬೇಕು. ನಮ್ಮ ಹಾಗೆಯೇ ಅದರ ದೇಹವೂ ಸಿ ಜೀವಸತ್ವ ತಯಾರಿಸಿಕೊಳ್ಳಲಾರದು, ಆದ್ದರಿಂದ ದಿನವೂ ದೊಣ್ಣೆಮೆಣಸಿನಕಾಯಿ, ಸೊಪ್ಪು ಬೇಕು. ಅತಿಥಿಯನ್ನು ನೋಡಿ ಮನೆ, ಮನೆ ನೋಡಿ ಅತಿಥಿಯಲ್ಲ.

ಕಾನೂನು ಏನು ಹೇಳುತ್ತದೆ?

ಪ್ರಾಣಿ ಹಿಂಸೆ ತಡೆಯುವ 1960ರ ಕಾಯಿದೆ ಒಂದಿದೆ. ಎತ್ತುಗಾಡಿಯ ಎತ್ತಿಗೆ ಮಾತ್ರ ಅದು ಅನ್ವಯ ಎಂದು ನಮ್ಮಲ್ಲಿ ಅನೇಕರ ಭಾವನೆ. ಆ ಕಾಯಿದೆಯ 11ನೇ ವಿಧಿಯ ಪ್ರಕಾರ, ಅಲುಗಾಡಲು ಸಾಕಷ್ಟು ಉದ್ದ, ಅಗಲ, ಎತ್ತರವಿಲ್ಲದ ಪಂಜರದಲ್ಲಿ ಯಾವ ಪ್ರಾಣಿಯನ್ನು ಇಟ್ಟರೂ ಅಪರಾಧ. 2018ರ ನಿಯಮಗಳಂತೆ ಸಾಕುಪ್ರಾಣಿ ಮಾರುವ ಅಂಗಡಿಗಳು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಕೊಳ್ಳುವ ಮುಂಚೆ ನೋಂದಣಿ ಪತ್ರ ಕೇಳುವುದು ನಮ್ಮ ಹಕ್ಕು. ಸೀರೆ ಅಂಗಡಿಯಲ್ಲಿ ಸೆರಗು ಬಿಡಿಸಿ ನೋಡದೆ ಬರುವವರಲ್ಲವಲ್ಲ ನಾವು!

ಇಷ್ಟೆಲ್ಲ ಆಗದಿದ್ದರೆ?

ಬಾಡಿಗೆ ಮನೆ, ಎರಡೇ ಕೋಣೆ, ಮೂರಡಿಯ ಮೇಜಿಗೂ ಜಾಗವಿಲ್ಲ ಎನ್ನುವವರು ನಮ್ಮಲ್ಲಿ ಎಷ್ಟು ಜನವಿಲ್ಲ? ಅಂಥ ಮನೆಯಲ್ಲಿ ಮಗುವಿಗೆ "ಬೇಡ ಕಂದಾ, ಅದಕ್ಕೆ ಇಲ್ಲಿ ಮನೆ ಕಟ್ಟಲು ಜಾಗ ಇಲ್ಲ" ಅಂತ ಕಾರಣ ಸಹಿತ ಹೇಳುವುದೂ ಸಾಕುವಷ್ಟೇ ದೊಡ್ಡ ಪಾಠ. ಚಿಕ್ಕ ಪಂಜರದಲ್ಲಿಟ್ಟು ಸಾಯಿಸಿ, ಕಣ್ಣೀರು ಒರೆಸಲು ಇನ್ನೊಂದು ತಂದರೆ, ಜೀವ ಅಂದರೆ ಬದಲಾಯಿಸಬಹುದಾದ ಆಟಿಕೆ ಎಂದು ನಾವೇ ಕಲಿಸಿದಂತಾಯಿತು.

ಜಾಗವಿದ್ದವರು ಮಾತ್ರ ಒಂದು ಕೆಲಸ ಮಾಡಿ. ತೊಟ್ಟಿ, ಮಡಕೆ, ಹುಲ್ಲು ಎಲ್ಲವನ್ನೂ ಮಕ್ಕಳ ಕೈಯಲ್ಲೇ ಜೋಡಿಸಿ. ಒಂದು ವಾರ ಖಾಲಿ ಮನೆಯನ್ನೇ ನೋಡಿಕೊಳ್ಳಲಿ. ದಿನವೂ ಬಾಟಲಿಯ ನೀರು ಬದಲಾಯಿಸಲಿ, ಮೇಜಿನ ಕಾಲಿನ ಬಟ್ಟಲು ತುಂಬಲಿ. ಎಂಟನೆಯ ದಿನವೂ ಅದೇ ಉತ್ಸಾಹ ಉಳಿದಿದ್ದರೆ ಪ್ರಾಣಿ ತರಲು ಹೊರಡಿ. ತಂದು ಬಿಟ್ಟ ಮೇಲೆ ಅದು ಕೊಳವೆಯೊಳಗೆ ನುಗ್ಗಿ ಮಾಯವಾಗುತ್ತದೆ, ಒಂದೆರಡು ದಿನ ಕಾಣಿಸುವುದೂ ಇಲ್ಲ. ಮಕ್ಕಳು ಪೇಚಾಡುತ್ತಾರೆ. ಅಗೆದು ತೆಗೆಯಲು ಬಿಡಬೇಡಿ. ನಡುಮನೆ ಅದಕ್ಕೆ ಒಗ್ಗಿದೆ ಎಂದು ಅರ್ಥ. ಸ್ವಲ್ಪ ನವಣೆ, ಸಜ್ಜೆ ಮೇಲೆ ಚೆಲ್ಲಿ ಸುಮ್ಮನೆ ಕುಳಿತರೆ, ತಾನಾಗಿ ಮೀಸೆ ಅಲುಗಿಸುತ್ತಾ ಮೇಲೆ ಬರುತ್ತದೆ.